ಬೋರ್ಡಿನ ಹಿಂಬದಿ

ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ ನಾಗಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಊರಿನ ಹೆಸರು ಹೇಳಿದರೆ ಬಸ್ಸಿನ ಕಂಡಕ್ಟರುಗಳು ತಲೆ ಕೆರೆದುಕೊಳ್ಳುತ್ತಿದ್ದರು. ‘ದೊಡ್ಡ ಬೋರ್ಡು ಇದೆಯಲ್ಲ, ಅಲ್ಲಿ ಇಳಿಸಿ’ ಅಂದರೆ ಕೂಡಲೇ ಸೀಟಿ ಊದುತ್ತಿದ್ದರು. ಆ ದೊಡ್ಡ ಬೋರ್ಡು ನಮ್ಮದು. ನಮ್ಮ ಮನೆಯ ಮುಂದೆ, ರಸ್ತೆಗೆ ತಾಗಿಕೊಂಡಿದ್ದ ನಮ್ಮದೇ ಜಾಗದಲ್ಲಿ ಅಪ್ಪ ನೆಟ್ಟಿದ್ದು. ನಾನು ಹುಟ್ಟುವ ಮೊದಲಿನಿಂದಲೂ ಅದು ಅಲ್ಲೇ ನಿಂತಿತ್ತು.

ಅಪ್ಪ ಬಡಗಿ. ಊರಿನವರಿಗೆಲ್ಲ ‘ಆಚಾರ್ರು’. ನೇಗಿಲು, ನೊಗ, ಬಾಗಿಲು, ತೊಟ್ಟಿಲು ಮಾಡುವುದು ಮನೆತನದ ಕೆಲಸ. ಅಕ್ಷರ ಬರೆಯುವುದು ಅಪ್ಪ ತಾನಾಗಿ ಹಚ್ಚಿಕೊಂಡ ಹುಚ್ಚು. ಮೈಸೂರಿನಲ್ಲಿ ಯಾರದೋ ಜೊತೆ ಕೆಲವು ತಿಂಗಳು ಇದ್ದು ಕಲಿತು ಬಂದಿದ್ದರಂತೆ. ಬಂದವರೇ ನಾಲ್ಕು ಹೊನ್ನೆ ಕಂಬ ನೆಟ್ಟು, ಅಡ್ಡಕ್ಕೆ ಮಾವಿನ ಹಲಗೆ ಬಡಿದು, ಮುಂದುಗಡೆಗೆ ತಗಡು ಹೊದಿಸಿ, ಇದು ಬಾಡಿಗೆಗೆ ಇದೆ ಎಂದು ಅದರ ಮೇಲೇ ಬರೆದರಂತೆ. ಊರಿನವರು ನಕ್ಕರು. ಮನೆ ಬಾಡಿಗೆಗೆ ಕೊಡುವುದು ಕೇಳಿದ್ದರು, ಹೊಲ ಗುತ್ತಿಗೆಗೆ ಕೊಡುವುದು ಕೇಳಿದ್ದರು. ಹಲಗೆಯನ್ನು ಬಾಡಿಗೆಗೆ ಕೊಡುವ ಮನುಷ್ಯನನ್ನು ಅವರು ಕಂಡದ್ದು ಅದೇ ಮೊದಲು.

ಆದರೆ ಬಾಡಿಗೆಗೆ ಜನ ಬಂದರು. ಒಂದು ವರ್ಷ ಪಾಂಡವಪುರದ ಬಟ್ಟೆ ಅಂಗಡಿ, ಇನ್ನೊಂದು ವರ್ಷ ಕೆ.ಆರ್. ಪೇಟೆಯ ಗೊಬ್ಬರದ ಅಂಗಡಿ, ಒಮ್ಮೆ ಕೆ.ಆರ್.ಎಸ್.ನ ಒಂದು ಹೋಟೆಲಿನವರು. ಅಪ್ಪನೇ ಬರೆಯುವುದು, ಅಪ್ಪನೇ ಅಳಿಸುವುದು. ದಾರಕ್ಕೆ ಸುಣ್ಣ ಹಚ್ಚಿ ತಗಡಿನ ಮೇಲೆ ಎಳೆದು ಹಿಡಿದು, ಪಟ್ ಎಂದು ಬಿಟ್ಟರೆ ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಕೆಂಪು ಅಕ್ಷರ, ಅಕ್ಷರದ ಬಲಗಡೆಗೆ ಕಪ್ಪು ನೆರಳು. ನೆರಳು ಇಲ್ಲದ ಅಕ್ಷರ ಅಪ್ಪನ ಕಣ್ಣಿಗೆ ಅರ್ಧ ಉಟ್ಟ ಸೀರೆಯಂತೆ ಕಾಣುತ್ತಿತ್ತು.

ನಮ್ಮ ಮನೆಗೆ ನಗದು ಬರುತ್ತಿದ್ದದ್ದು ಆ ಬೋರ್ಡಿನಿಂದ ಮಾತ್ರ. ಮಿಕ್ಕಿದ್ದೆಲ್ಲ ಆಯ. ಹೊಸಬರಿಗೆ ಇದನ್ನು ಹೇಳಬೇಕು. ನಮ್ಮ ಕಡೆ ಬಡಗಿ, ಕಮ್ಮಾರ, ಕ್ಷೌರಿಕ, ಅಗಸ ಇವರು ವರ್ಷವೆಲ್ಲ ರೈತರ ಮನೆಗೆ ಕೆಲಸ ಮಾಡಿಕೊಡಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಚೀಲ ಹಿಡಿದು ನಿಂತರೆ ರೈತ ಇಷ್ಟು ಮೊರ ಎಂದು ಧಾನ್ಯ ಸುರಿಯುತ್ತಾನೆ. ಅದೇ ಆಯ. ಎಷ್ಟು ಮೊರ ಎನ್ನುವುದು ತಾತಂದಿರ ಕಾಲದಿಂದ ನಿಂತ ಲೆಕ್ಕ. ಎಷ್ಟು ಕೆಲಸ ಎನ್ನುವುದಕ್ಕೆ ಮಾತ್ರ ಯಾವ ಲೆಕ್ಕವೂ ಇರಲಿಲ್ಲ. ಬಾಗಿಲಿನ ಚಿಲಕ ಸಡಿಲವಾದರೆ ಆಚಾರ್ರು, ಮಗಳ ಮದುವೆಗೆ ಹಸೆಮಣೆ ಬೇಕಾದರೆ ಆಚಾರ್ರು, ಟ್ರಾಕ್ಟರಿನ ಹಿಂದೆ ಹೆಸರು ಬರೆಯಬೇಕಾದರೂ ಆಚಾರ್ರು. ದುಡ್ಡಿನ ಮಾತು ಬಂದರೆ ಎಲ್ಲರದ್ದೂ ಒಂದೇ ಉತ್ತರ: ‘ಆಯದಾಗೆ ಸೇರ್ಕತದೆ ಬುಡಿ.’ ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೋರ್ಡಿನ ಮುಂಬದಿ ಅಪ್ಪನದಾದರೆ ಹಿಂಬದಿ ಅವ್ವನದು. ಅವ್ವ ಬೂಕನಕೆರೆ ಕಡೆಯವಳು. ಮದುವೆಯಾಗಿ ಬಂದ ಮೊದಲ ಬೇಸಗೆಯಲ್ಲೇ ಆ ಹಲಗೆಗಳ ಮೇಲೆ ಪಡುವಣದ ಬಿಸಿಲು ಚೆನ್ನಾಗಿ ಬೀಳುತ್ತದೆ ಎನ್ನುವುದನ್ನು ಕಂಡುಕೊಂಡು ಅಲ್ಲಿ ಬೆರಣಿ ತಟ್ಟಿದಳು. ಅಂದಿನಿಂದ ನಿಲ್ಲಿಸಲಿಲ್ಲ. ಒಣಗಿದ ಬೆರಣಿ ಕಿತ್ತರೆ ಹಲಗೆಯ ಮೇಲೆ ದುಂಡಗಿನ ಗುರುತು ಉಳಿಯುತ್ತಿತ್ತು. ಆ ಗುರುತಿನ ಮೇಲೆ ಇನ್ನೊಂದು ಬೆರಣಿ, ಅದರ ಮೇಲೆ ಇನ್ನೊಂದು. ವರ್ಷಗಳು ಕಳೆದ ಹಾಗೆ ಹಲಗೆ ಕಾಣದಷ್ಟು ಗುರುತುಗಳಾದವು, ಬೆರಳಿನ ಗೆರೆಗಳು ಕೂಡ ಅಲ್ಲಲ್ಲಿ ಹಾಗೇ ಒಣಗಿ ಕೂತವು.

ಅಪ್ಪನಿಗೆ ಇದು ದೊಡ್ಡ ಅವಮಾನ. “ಮುಂದ್ಗಡೆ ರೇಷ್ಮೆ ಸೀರೆ ಅಂತ ಬರ್ದಿವ್ನಿ, ಇಂದ್ಗಡೆ ನೀನು ಸಗಣಿ ತಟ್ತೀಯಲ್ಲೇ, ಯಾರಾದ್ರೂ ನೋಡುದ್ರೆ ಏನಂದ್ಕಂಡಾರು?” ಎಂದು ಗೊಣಗುತ್ತಿದ್ದರು. “ಬಸ್ನಾಗೆ ಓಗೋರು ಇಂದ್ಗಡೆ ಇಳ್ದು ನೋಡ್ಕಂಡು ಓಗ್ತಾರಾ? ನಿಮ್ಮಕ್ಷರ ಒಲೆ ಉರುಸ್ತದಾ?” ಎಂದು ಅವ್ವ ಕೇಳುತ್ತಿದ್ದಳು. ಈ ಜಗಳ ನಮ್ಮ ಮನೆಯಲ್ಲಿ ರೇಡಿಯೋ ಇದ್ದ ಹಾಗೆ, ದಿನಾ ಇರುತ್ತಿತ್ತು, ಯಾರೂ ಕಿವಿಗೊಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ, ನಾನು ಪಾಂಡವಪುರಕ್ಕೆ ಕಾಲೇಜಿಗೆ ಹೋಗುತ್ತಿದ್ದಾಗ, ರಸ್ತೆ ಅಗಲ ಮಾಡುವ ಮಾತು ಬಂತು. ಗಣೇಶನ ಹಬ್ಬ ಕಳೆದ ಮೇಲೆ ಪಂಚಾಯಿತಿ ಗೋಡೆಗೆ ಒಂದು ನೋಟೀಸು ಅಂಟಿಸಿದರು. ರಸ್ತೆಯ ಹೊಸ ಎಲ್ಲೆಯೊಳಗೆ ಬರುವ ಜಾಹೀರಾತು ಫಲಕಗಳನ್ನೆಲ್ಲ ತೆಗೆಯಬೇಕು. ಮೊದಲಿನಿಂದ ಇದ್ದ ಫಲಕಗಳ ಮಾಲೀಕರಿಗೆ ಅಳತೆಗೆ ತಕ್ಕ ಪರಿಹಾರ ಸಿಗುತ್ತದೆ. ದಸರಾ ಆದ ಮೇಲೆ ರಸ್ತೆ ಇಲಾಖೆಯ ಸಾಹೇಬರು ಬಂದು ನೋಡಿ ಬರೆದುಕೊಳ್ಳುತ್ತಾರೆ. ಇಷ್ಟು ಅದರ ಸಾರ. ನಾನೇ ಓದಿ ಹೇಳಿದೆ.

ಅಪ್ಪ ಆ ದಿನ ಊಟ ಮಾಡಲಿಲ್ಲ. ಜಗಲಿಯಲ್ಲಿ ಕೂತು ಬೋರ್ಡನ್ನೇ ನೋಡುತ್ತಿದ್ದರು. ಮರುದಿನ ಎದ್ದಾಗ ಮುಖದ ಮೇಲೆ ಬೇರೆಯೇ ಕಳೆ ಇತ್ತು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಿಕ್ಕ ಮಳಿಗೆ ಖಾಲಿಯಿತ್ತು. ಎಷ್ಟೋ ದಿನದಿಂದ ಅದರ ಮೇಲೆ ಅಪ್ಪನಿಗೆ ಕಣ್ಣು. ಪರಿಹಾರ ಬಂದರೆ ಅದರ ಮುಂಗಡ ಕಟ್ಟುವುದು, ಅಲ್ಲಿ ಕೂತು ಬರೀ ಬೋರ್ಡು ಬರೆಯುವುದು.

“ಆಮ್ಯಾಕೆ ಕಣದ ತಾವ ಚೀಲ ಇಡ್ಕಂಡು ನಿಂತ್ಕೊಳೋ ಅಂಗಿಲ್ಲ” ಎಂದರು ಅಪ್ಪ. ಅಷ್ಟು ವರ್ಷದಲ್ಲಿ ಆ ನಿಲ್ಲುವುದರ ಬಗ್ಗೆ ಅಪ್ಪ ಒಂದು ಮಾತೂ ಆಡಿರಲಿಲ್ಲ. ಅವರಿಗೂ ಅದು ಚುಚ್ಚುತ್ತಿತ್ತು ಎನ್ನುವುದು ನನಗೆ ಗೊತ್ತಾದದ್ದು ಆಗಲೇ. ಅವ್ವ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಇಷ್ಟರಲ್ಲೇ ನಿಂತಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೆ ನೋಟೀಸನ್ನು ಊರೂ ಓದಿತು. ‘ಮೊದಲಿನಿಂದ ಇದ್ದ’ ಎನ್ನುವ ಮಾತನ್ನು ಬಿಟ್ಟು ‘ಅಳತೆಗೆ ತಕ್ಕ’ ಎನ್ನುವ ಮಾತನ್ನು ಮಾತ್ರ ಓದಿತು.

ಮೊದಲು ಬಂದವರು ದೊಡ್ಡಮನೆಯ ಗೌಡರು. ಊರಿನಲ್ಲಿ ಹೆಚ್ಚು ಗದ್ದೆ ಇದ್ದವರು, ನಮಗೆ ಹೆಚ್ಚು ಆಯ ಕೊಡುತ್ತಿದ್ದವರು. ಬಂದವರು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, “ಆಚಾರ್ರೆ, ನಂದೂ ಒಂದು ಬೋರ್ಡು ಬರ್ದ್ಕೊಟ್ಬುಡಿ. ನಿಮ್ದುಕ್ಕಿಂತ ಒಂದು ಗೇಣು ಜಾಸ್ತಿನೇ ಇರ್ಲಿ” ಅಂದರು.

“ಏನಂತ ಬರೀಲಿ ಗೌಡ್ರೆ?”

“ಏನಾದ್ರೂ ಬರೀರಿ. ಓದೋರ್ಯಾರು, ಅಳತೆ ಮಾಡೋರಲ್ವಾ ಬರೋದು.”

“ಏನಾದ್ರೂ ಅಂದ್ರೆ ಕೈ ಓಡಾಕಿಲ್ಲ. ಒಂದು ವಿಷ್ಯ ಬೇಕು.”

ಗೌಡರು ಸ್ವಲ್ಪ ಯೋಚಿಸಿದರು. “ಆಲೆಮನೆ ಅದಲ್ಲ, ಬೆಲ್ಲ ಸಿಕ್ತದೆ ಅಂತ ಬರೀರಿ. ಆಯದಾಗೆ ಸೇರ್ಕತದೆ.”

ಗೌಡರಿಗೆ ಬರೆದುಕೊಟ್ಟ ಮೇಲೆ ಗೌಡರ ತಮ್ಮನಿಗೆ ಇಲ್ಲ ಎನ್ನುವುದು ಹೇಗೆ? ತಮ್ಮನಿಗೆ ಬರೆದ ಮೇಲೆ ಪಕ್ಕದ ಮನೆಯವರಿಗೆ? ರಸ್ತೆ ಬದಿಯಲ್ಲಿ ಹಿತ್ತಲಿದ್ದವರು, ಹೊಲವಿದ್ದವರು, ಕಡೆಗೆ ಬೇಲಿ ಮಾತ್ರ ಇದ್ದವರೂ ಬಂದರು. ಹಳೆಯ ಬಾಗಿಲು, ಗಾಡಿಯ ಹಲಗೆ, ಮುರಿದ ಮಂಚ, ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ನಮ್ಮ ಅಂಗಳದಲ್ಲಿ ಹಾಕಿದರು. ಬಣ್ಣದ ಡಬ್ಬವನ್ನಾದರೂ ತಂದುಕೊಟ್ಟವರು ಕೆಲವರು ಮಾತ್ರ.

ನಾನು ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗ ದಿನಕ್ಕೊಂದು ಹೊಸ ಬೋರ್ಡು ಎದ್ದಿರುತ್ತಿತ್ತು. ‘ಟ್ರಾಕ್ಟರ್ ಬಾಡಿಗೆಗೆ ದೊರೆಯುತ್ತದೆ’ ಎಂದು ಬರೆಸಿದವರ ಮನೆಯಲ್ಲಿ ಎತ್ತಿನ ಗಾಡಿಯೂ ಇರಲಿಲ್ಲ. ನಾಗಮಂಗಲದ ಕಡೆಯಿಂದ ಯಾರೋ ಪಾಪ ಟ್ರಾಕ್ಟರು ಕೇಳಿಕೊಂಡು ಬಂದು ಬೈಸಿಕೊಂಡು ಹೋದರು. ಒಬ್ಬರು ‘ಗಟ್ಟಿ ಎಮ್ಮೆ ಹಾಲು’ ಎಂದು ಬರೆಸಿದರು. ಅವರ ಎಮ್ಮೆ ಹಾಲು ಕೊಡುವುದು ನಿಲ್ಲಿಸಿ ಎಷ್ಟೋ ತಿಂಗಳಾಗಿತ್ತು. ಏನು ಬರೆಸಬೇಕೆಂದು ತೋಚದ ಇಬ್ಬರು ಅಣ್ಣತಮ್ಮಂದಿರು ಊರಿನ ಈಚೆ ತುದಿಗೆ ‘ಸುಸ್ವಾಗತ’, ಆಚೆ ತುದಿಗೆ ‘ವಂದನೆಗಳು, ಮತ್ತೆ ಬನ್ನಿ’ ಎಂದು ನೆಟ್ಟರು. ಒಂಟಿಯಾಗಿದ್ದ ಒಬ್ಬ ಅಜ್ಜಿ ‘ನಾಟಿ ಕೋಳಿ ಮೊಟ್ಟೆ’ ಎಂದು ಬರೆಸಿದಳು. ಮೇಲುಕೋಟೆಗೆ ಹೋಗುವ ಕಾರಿನವರು ನಿಲ್ಲಿಸಿ ಮೊಟ್ಟೆ ಕೊಳ್ಳತೊಡಗಿದರು. ಅವಳೊಬ್ಬಳಿಗೆ ಮಾತ್ರ ಬೋರ್ಡಿನಿಂದ ನಿಜವಾಗಿ ವ್ಯಾಪಾರವಾಯಿತು.

ಅಪ್ಪ ಎಲ್ಲವನ್ನೂ ಚೆನ್ನಾಗಿಯೇ ಬರೆದರು. ಅದೇ ನನಗೆ ಸಿಟ್ಟು. ಸುಳ್ಳು ಬೋರ್ಡಿಗೆ ನೆರಳು ಯಾಕೆ? ಒಂದೆರಡು ಗೆರೆ ಎಳೆದು ಕಳಿಸಬಾರದೇ? ಕೇಳಿದೆ. “ಸುಳ್ಳು ಅವ್ರುದ್ದು ಕಣವ್ವ. ಅಕ್ಷರ ನಂದಲ್ವಾ?” ಅಂದರು.

ಅವ್ವ ಒಂದು ದಿನ ಕುಂಚ ತೊಳೆಯುವ ಡಬ್ಬವನ್ನೇ ಎತ್ತಿ ಅಂಗಳಕ್ಕೆ ಎಸೆದಳು. “ಎಲ್ಲಾರ್ಗೂ ಬರ್ಕೊಟ್ರೆ ನಮ್ದು ಯಾವುದು ಅಂತ ಗೊತ್ತಾಗದೆಂಗೆ? ಸಾಹೇಬ್ರು ಏನು ದೇವ್ರಾ?”

“ಒಂದು ಮನೆಗೆ ಬರ್ದು ಇನ್ನೊಂದು ಮನೆಗೆ ಇಲ್ಲ ಅನ್ನಾಕಾಯ್ತದಾ? ನಾಳಿಕೆ ಎಲ್ಲಾರ ಕಣಕ್ಕೂ ಓಗ್ಬೇಕಲ್ಲ.”

“ಓಗೋ ಅಂಗಿಲ್ಲ ಅಂದ್ರಲ್ಲ?”

“ಅದು ದುಡ್ಡು ಬಂದ್ಮೇಲೆ” ಅಂದರು ಅಪ್ಪ, ಅಂಗಳದಲ್ಲಿ ಬಿದ್ದ ಕುಂಚಗಳನ್ನು ಆರಿಸಿಕೊಳ್ಳುತ್ತ.

ನಮ್ಮ ಬೋರ್ಡಿಗೆ ಕಾಗದಪತ್ರ ಅಂತ ಏನೂ ಇರಲಿಲ್ಲ. ಅದನ್ನು ನೆಟ್ಟ ಕಾಲಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಬಾಡಿಗೆಗೆ ಇದ್ದವರಲ್ಲಿ ಯಾರಾದರೂ ಬಂದು ಒಂದು ಮಾತು ಹೇಳಲಿ ಎಂದು ಅಪ್ಪ ಬಟ್ಟೆ ಅಂಗಡಿಗೂ ಗೊಬ್ಬರದ ಅಂಗಡಿಗೂ ಹೋಗಿ ಕೇಳಿದರು. ಬಾಡಿಗೆ ಕೊಟ್ಟೆ ಎಂದು ಒಪ್ಪಿಕೊಂಡರೆ ತೆರಿಗೆಯವರು ಬೆನ್ನು ಹತ್ತುತ್ತಾರೆ ಎಂದು ಇಬ್ಬರೂ ಕೈ ಮುಗಿದರು. ಪರವಾಗಿಲ್ಲ, ನೋಡಿದರೇ ಗೊತ್ತಾಗುತ್ತದೆ, ಅದು ಹಳೆಯ ಬೋರ್ಡು ಎಂದು ಅಪ್ಪ ಸಮಾಧಾನ ಮಾಡಿಕೊಂಡರು.

ಹಾಗೆ ನೋಡಿದರೆ ಗೊತ್ತಾಗುತ್ತಲೂ ಇತ್ತು. ತಗಡಿನ ಬಣ್ಣ ಬಿಸಿಲಿಗೆ ಸುಟ್ಟು, ಹಳೆಯ ಜಾಹೀರಾತುಗಳು ಒಂದರಡಿಯಿಂದ ಒಂದು ಇಣುಕುತ್ತಿದ್ದವು. ಆದರೆ ಸಾಹೇಬರು ನಾಳೆ ಬರುತ್ತಾರೆ ಎಂದು ಸುದ್ದಿ ಬಂದ ದಿನ ಅಪ್ಪ ಎದ್ದು ಏಣಿ ಹಾಕಿದರು. ಸುತ್ತ ಊರಿನ ಬೋರ್ಡುಗಳೆಲ್ಲ ಪಳಪಳ ಹೊಳೆಯುತ್ತಿರುವಾಗ, ಅವನ್ನೆಲ್ಲ ಬರೆದವನ ಬೋರ್ಡೇ ಹರಿದ ಅಂಗಿ ಹಾಕಿಕೊಂಡು ಸಾಹೇಬರ ಮುಂದೆ ನಿಲ್ಲುವುದೇ? ತಗಡನ್ನು ಉಜ್ಜಿ, ಬಿಳಿ ಬಣ್ಣ ಬಳಿದು, ಅದು ಅರೆಬರೆ ಒಣಗುತ್ತಿದ್ದ ಹಾಗೆ ಕೆಂಪು ಅಕ್ಷರ ಬರೆದರು. ‘ಇಲ್ಲಿ ಎಲ್ಲ ಬಗೆಯ ಬೋರ್ಡುಗಳನ್ನು ಬರೆದುಕೊಡಲಾಗುವುದು.’ ಅಷ್ಟು ಚಂದದ ಅಕ್ಷರವನ್ನು ಅಪ್ಪ ಹಿಂದೆಂದೂ ಬರೆದಿರಲಿಲ್ಲ.

ಅಪ್ಪ ಮುಂಬದಿಯಲ್ಲಿ ಏಣಿಯ ಮೇಲಿದ್ದಾಗ ಅವ್ವ ಹಿಂಬದಿಯಲ್ಲಿದ್ದಳು. ಬಾವಿಯಿಂದ ನೀರು ಸೇದಿ ಸೇದಿ ತಂದು, ತೆಂಗಿನ ನಾರು, ಬೂದಿ ಹಿಡಿದು ಹಲಗೆಗಳನ್ನು ತಿಕ್ಕಿದಳು. ಅಷ್ಟು ವರ್ಷ ಗಂಡನ ಬಾಯಲ್ಲಿ ಬೈಸಿಕೊಂಡರೂ ಒಂದು ಬೆರಣಿ ಕಡಿಮೆ ತಟ್ಟದವಳು, ಆ ದಿನ ಗಂಡನ ಮಾನ ತನ್ನ ಸಗಣಿಯಿಂದ ಹೋಗಬಾರದು ಎಂದು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಸಾಯಂಕಾಲದ ಹೊತ್ತಿಗೆ ಮಾವಿನ ಹಲಗೆ ನಿನ್ನೆ ಕುಯ್ದು ತಂದದ್ದರಂತೆ ಬೆಳ್ಳಗೆ ಕಾಣುತ್ತಿತ್ತು. ಅಪ್ಪ ಏಣಿ ಇಳಿದು ಹಿಂದೆ ಬಂದು ನೋಡಿದರು. “ಈಗ ಸರಿ ಆಯ್ತು ನೋಡು” ಎಂದರು. ಅವ್ವನಿಗೆ ನಾಚಿಕೆಯಾಯಿತು. ನಾಲ್ಕು ಕಂಬಕ್ಕೂ ಅರಿಸಿನ ಕುಂಕುಮ ಇಟ್ಟಳು. ನಾನು ಅಲ್ಲೇ ನಿಂತು ನೋಡುತ್ತಿದ್ದೆ, ನನಗೂ ಚೆನ್ನಾಗಿಯೇ ಕಂಡಿತು.

ಸಾಹೇಬರು ಬೆಳಿಗ್ಗೆ ಜೀಪಿನಲ್ಲಿ ಬಂದರು. ಜೊತೆಗೆ ಅಳತೆ ಟೇಪು ಹಿಡಿದವನೊಬ್ಬ. ಕೆಟ್ಟ ಮನುಷ್ಯರಲ್ಲ. ಊರಿನ ಈಚೆ ತುದಿಯ ‘ಸುಸ್ವಾಗತ’ದ ಹತ್ತಿರ ಇಳಿದು ನಡೆದುಕೊಂಡೇ ಬಂದರು. ಬೆಲ್ಲದ ಬೋರ್ಡು ನೋಡಿದರು, ಟ್ರಾಕ್ಟರಿನ ಬೋರ್ಡು ನೋಡಿದರು, ಎಮ್ಮೆ ಹಾಲಿನ ಬೋರ್ಡು ನೋಡಿದರು. ನಡೆಯುತ್ತ ನಡೆಯುತ್ತ ಅವರ ಮುಖದಲ್ಲಿ ನಗು ಏರಿ, ಆಮೇಲೆ ಆ ನಗು ಇಳಿದುಹೋಯಿತು. ನಮ್ಮ ಬೋರ್ಡಿನ ಮುಂದೆ ಬಂದು ನಿಂತಾಗ ಊರೆಲ್ಲ ಹಿಂದೆ ಇತ್ತು.

“ಇವೆಲ್ಲ ಯಾವಾಗ ಹಾಕಿದ್ದು?” ಎಂದು ಕೇಳಿದರು.

“ಎಲ್ಲಾ ಅಳೇವೇ ಸ್ವಾಮಿ” ಅಂದರು ದೊಡ್ಡಮನೆಯ ಗೌಡರು.

ಸಾಹೇಬರು ಕೈ ಚಾಚಿ ನಮ್ಮ ತಗಡಿನ ಕೆಳಗಿನ ಅಕ್ಷರ ಮುಟ್ಟಿದರು. ಬೆರಳಿಗೆ ಕೆಂಪು ಹತ್ತಿತು. ಬೆರಳನ್ನು ಎಲ್ಲರಿಗೂ ತೋರಿಸಿದರು. ಯಾರೂ ನಗಲಿಲ್ಲ.

“ಬರೆದವರು ಯಾರು?”

ಅಪ್ಪ ಮುಂದೆ ಬಂದು ಕೈಮುಗಿದರು. ಸಾಹೇಬರು ಅಪ್ಪನನ್ನೂ ಬೋರ್ಡನ್ನೂ ಆ ಹೊನ್ನೆ ಕಂಬಗಳನ್ನೂ ಒಂದು ಸಲ ನೋಡಿದರು. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆಯದೆ, ಎಲ್ಲರ ಮುಂದೆಯೇ ಹೇಳಿದರು: “ನೋಡಿ, ನಿಮ್ಮದೊಂದು ಮಾತ್ರ ಹಳೇದು ಅಂತ ನನಗೆ ಅನ್ನಿಸ್ತಾ ಇದೆ. ಆದ್ರೆ ಅನ್ನಿಸಿದ್ದನ್ನೆಲ್ಲ ಬರ್ಕೊಳ್ಳೋಕಾಗಲ್ಲ. ಇವನ್ನೆಲ್ಲ ಬರೆದಿರೋರು ನೀವು. ಯಾವುದು ಹಳೇದು, ಯಾವುದು ಹೊಸದು ಅಂತ ನೀವೇ ಹೇಳಿಬಿಡಿ. ನಿಮ್ಮದನ್ನ ಈಗಲೇ ಬರ್ಕೋತೀನಿ.”

ಇಷ್ಟು ಸುಲಭವಾಗಿ ಬಂದು ನಿಂತಿತ್ತು ಪಾಂಡವಪುರದ ಮಳಿಗೆ. ಒಂದೇ ಮಾತು. ಅದೂ ಸುಳ್ಳಲ್ಲ, ನಿಜವಾದ ಮಾತು. ನಾನು ಮನಸ್ಸಿನಲ್ಲೇ ಹೇಳು ಹೇಳು ಎನ್ನುತ್ತಿದ್ದೆ. ಊರಿನವರಾದರೂ ಹೇಳಬಹುದಿತ್ತು. ಒಬ್ಬರಾದರೂ ‘ನಂದು ವಸದು ಸ್ವಾಮಿ, ಆಚಾರ್ರುದ್ದು ಅಳೇದು’ ಎಂದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ, ಹೇಗಿದ್ದರೂ ಬೆರಳಿಗೆ ಬಣ್ಣ ಹತ್ತಿ ಆಗಿತ್ತು. ಆದರೆ ಎಲ್ಲರೂ ನೆಲ ನೋಡುತ್ತಿದ್ದರು. ಗೌಡರು ಎಲೆಅಡಿಕೆ ಜಗಿಯುವುದನ್ನೂ ನಿಲ್ಲಿಸಿದ್ದರು.

ಅಪ್ಪ ಸಾಲಾಗಿ ಒಂದೊಂದೇ ಮುಖ ನೋಡಿದರು. ಆಮೇಲೆ, “ಎಲ್ಲಾ ನನ್ ಕೈನಾಗೇ ಬಂದಿರೋವು ಸ್ವಾಮಿ. ಒಂದ ಅಳೇದು, ಒಂದ ವಸದು ಅಂತ ನಾನೆಂಗೆ ಏಳ್ಲಿ” ಅಂದರು.

“ಹೇಳದಿದ್ರೆ ನಿಮ್ಮದೂ ಹೋಗತ್ತೆ.”

“ಗೊತ್ತು ಸ್ವಾಮಿ.”

ಸಾಹೇಬರು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಗ ಬಾಗಿಲ ಹತ್ತಿರದಿಂದ ಅವ್ವ ಬಂದಳು. ಗಂಡಸರು ಸೇರಿದ ಕಡೆ ಸೆರಗು ಹೊದ್ದು ಬದಿಯಲ್ಲಿ ಹೋಗುತ್ತಿದ್ದವಳು, ಅಂದು ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದಳು. “ಅವ್ರು ಏಳಾಕಿಲ್ಲ ಸ್ವಾಮಿ. ನಾನೂ ಬ್ಯಾರೆಯವ್ರುದ್ದ ಏಳಾಕಿಲ್ಲ. ನಮ್ದುನ್ನ ತೋರುಸ್ತೀನಿ, ಬನ್ನಿ. ನಾನು ಈ ಮನೆಗೆ ಬಂದಾಗಿಂದ ಇದ್ರ ಇಂದ್ಗಡೆ ಬೆರಣಿ ತಟ್ಟಿವ್ನಿ. ನೋಡಿ ನೀವೇ ಏಳಿ, ಇದು ಅಳೇದಾ ವಸದಾ ಅಂತ.”

ಅವ್ವನಿಗೆ ಸಿಟ್ಟಿನ ಭರದಲ್ಲಿ ಮರೆತೇ ಹೋಗಿತ್ತು. ಕೂಗಬೇಕೆಂದುಕೊಂಡೆ, ಅಷ್ಟರಲ್ಲಿ ಅವಳು ಸಾಹೇಬರನ್ನು ಕರೆದುಕೊಂಡು ಹಿಂದೆ ಹೋಗಿಯಾಗಿತ್ತು. ಊರೂ ಹಿಂದೆ ಬಂತು.

ಹಲಗೆಗಳು ಬೆಳಗಿನ ನೆರಳಿನಲ್ಲೂ ಬೆಳ್ಳಗೆ ಹೊಳೆಯುತ್ತಿದ್ದವು. ಒಂದು ಗುರುತೂ ಇರಲಿಲ್ಲ.

ಅವ್ವ ತೋರಿಸಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಆ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಹಿಂದಿನ ದಿನ ತಿಕ್ಕಿ ತಿಕ್ಕಿ ಉಗುರಿನ ಬುಡ ಕಿತ್ತು ಕೆಂಪಾಗಿತ್ತು. “ನಿನ್ನೆ ತೊಳ್ದ್ಬುಟ್ಟೆ” ಅಂದಳು, ಯಾರಿಗೂ ಅಲ್ಲ. “ನೀವು ಬತ್ತೀರಿ ಅಂತ.”

ಸಾಹೇಬರು ಅವಳನ್ನು ನಂಬಿದರು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಷ್ಟು ಜನರ ಮುಂದೆ ಒಂದಕ್ಕೆ ಪರಿಹಾರ ಬರೆದು ಮಿಕ್ಕವನ್ನು ಬಿಡಲು ಅವರಿಗೆ ಏನಾದರೂ ಆಧಾರ ಬೇಕಿತ್ತು. ಆಧಾರವನ್ನು ನಾವೇ ತೊಳೆದಿದ್ದೆವು. ಅವರು ಜೀಪಿನ ಕಡೆ ಹೋಗುತ್ತ, “ಈ ಊರಿನಲ್ಲಿ ಹಳೇ ಬೋರ್ಡು ಇಲ್ಲ ಅಂತ ಬರೀಬೇಕಾಗತ್ತೆ” ಎಂದು ಅಪ್ಪನಿಗೆ ಮಾತ್ರ ಕೇಳುವ ಹಾಗೆ ಹೇಳಿದರಂತೆ. ಅಪ್ಪ ಅವರಿಗೂ ಕೈಮುಗಿದು ಕಳಿಸಿದರು.

ಆ ದಿನ ಮನೆಯಲ್ಲಿ ಯಾರ ಮೇಲೆ ಸಿಟ್ಟಾಗಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಎಲ್ಲರ ಮೇಲೂ ಸಿಟ್ಟಾದೆ. ಬಾಯಿ ಬಿಡದ ಊರಿನ ಮೇಲೆ, ಬಾಯಿ ಬಿಡದ ಅಪ್ಪನ ಮೇಲೆ. ಅವ್ವನ ಮೇಲೆ ಮಾತ್ರ ಆಗಲಿಲ್ಲ. ಅವಳು ಒಲೆಯ ಮುಂದೆ ಕೂತು ಬೆರಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಬೋರ್ಡುಗಳೆಲ್ಲ ಇಳಿದವು. ಇಳಿಸಿದವರೂ ಅಪ್ಪನೇ, ಇನ್ಯಾರು? ಗೌಡರು ಹೇಳಿ ಕಳಿಸಿದರು: ಬೆಲ್ಲದ ಬೋರ್ಡು ಬಿಚ್ಚಿ, ಮೊಳೆ ಕಿತ್ತು, ಆ ಹಲಗೆಯಲ್ಲಿ ದನಕ್ಕೆ ಒಂದು ಗೋದಲಿ ಮಾಡಿಕೊಡಬೇಕಂತೆ. ಆಯದಾಗೆ ಸೇರ್ಕತದೆ. ಅಪ್ಪ ಹೋಗಿ ಮಾಡಿಕೊಟ್ಟರು. ಒಂದಷ್ಟು ಕಾಲ ಗೌಡರ ಎತ್ತುಗಳು ‘ಬೆಲ್ಲ ದೊರೆಯುತ್ತದೆ’ ಎಂಬ ಅಕ್ಷರಗಳ ಮೇಲೆ ಹುಲ್ಲು ತಿಂದವು. ಪಾಂಡವಪುರದ ಮಳಿಗೆಯನ್ನು ಚಪ್ಪಲಿ ಮಾರುವವರು ಯಾರೋ ಹಿಡಿದರು. ಅದರ ಬೋರ್ಡು ಬರೆಯಲು ಅಪ್ಪನನ್ನೇ ಕರೆಸಿದರು. ನಾನು ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆ ಅಂಗಡಿಯ ಕಡೆ ನೋಡದೆ ಹೋಗುತ್ತಿದ್ದೆ. ಒಂದು ದಿನ ಮರೆತು ನೋಡಿದೆ. ನೆರಳು ಚೆನ್ನಾಗಿ ಬಂದಿತ್ತು.

ಸಂಕ್ರಾಂತಿಯ ಹೊತ್ತಿಗೆ ಭತ್ತದ ಸುಗ್ಗಿ. ಅಪ್ಪ ಎಂದಿನಂತೆ ಚೀಲ ಮಡಿಸಿ ಹೆಗಲಿಗೆ ಹಾಕಿಕೊಂಡರು. ಕಾಲೇಜಿಗೆ ರಜೆ ಇತ್ತು, ಚೀಲದ ಬಾಯಿ ಹಿಡಿಯಲು ನಾನೂ ಹೋದೆ. ಬರುವುದಿಲ್ಲ ಎಂದು ಹಟ ಮಾಡಬಹುದಿತ್ತು. ಆದರೆ ಅಪ್ಪ ಅಲ್ಲಿ ಒಬ್ಬರೇ ನಿಲ್ಲುವುದು ನನಗೆ ಬೇಡವಾಗಿತ್ತು.

ದೊಡ್ಡಮನೆಯ ಕಣದಲ್ಲಿ ಭತ್ತದ ರಾಶಿ ಎತ್ತರಕ್ಕಿತ್ತು. ಗೌಡರು ಅಪ್ಪನ ಮುಖ ನೋಡದೆ ಎಂದಿನಷ್ಟೇ ಮೊರ ಸುರಿದರು. ನಾನು ಚೀಲದ ಬಾಯಿ ಕಟ್ಟಲು ಹೋದಾಗ ಗೌಡರ ತಾಯಿ, ಬೆನ್ನು ಬಾಗಿದ ಹಣ್ಣುಹಣ್ಣು ಮುದುಕಿ, “ನಿಲ್ಲವ್ವ” ಅಂದಳು. ತಾನೇ ಒಂದು ಮೊರ ತುಂಬಿ ತಂದು ಸುರಿದಳು. ಮತ್ತೆ ಒಂದು ಸುರಿದಳು. ಬೋರ್ಡಿನ ವಿಷಯ ಆ ದಿನದವರೆಗೆ ಊರಿನಲ್ಲಿ ಯಾರೂ ಬಾಯಿಬಿಟ್ಟು ಎತ್ತಿರಲಿಲ್ಲ, ಆಗಲೂ ಎತ್ತಲಿಲ್ಲ.

ಅಪ್ಪ ಅವಳ ಕೈಯಿಂದ ಮೊರ ತೆಗೆದುಕೊಂಡರು. ಚೀಲದಿಂದ ಒಂದು ಮೊರ ತುಂಬಿ ರಾಶಿಗೆ ಸುರಿದರು. ಇನ್ನೊಂದು ತುಂಬಿ ಸುರಿದರು. “ಆಯ ಎಷ್ಟೋ ಅಷ್ಟೇಯ ಕಣವ್ವ” ಎಂದು ಮೊರವನ್ನು ಅವಳ ಕೈಗೆ ಕೊಟ್ಟು, ಚೀಲ ಹೊತ್ತುಕೊಂಡು ಹೊರಟರು. ಗೌಡರು ಆಗ ಮಾತ್ರ ತಲೆ ಎತ್ತಿ ಅಪ್ಪನನ್ನು ನೋಡಿದರು. ಅವರ ಮುಖ ನನಗೆ ನೆನಪಿದೆ. ಸಾಹೇಬರು ಕೆಂಪು ಬೆರಳು ತೋರಿಸಿದಾಗಲೂ ಅದು ಅಷ್ಟು ಸಪ್ಪಗಾಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಕೆರೆ ಏರಿಯ ಮೇಲೆ ಬರುತ್ತ, “ಕೊಟ್ಟಿದ್ದ ಯಾಕಪ್ಪ ವಾಪಸ್ ಸುರಿದ್ರಿ? ನಮ್ಗೆ ಬರ್ಬೇಕಾದ್ದಲ್ವಾ ಅದು?” ಎಂದು ರೇಗಿದೆ.

ಅಪ್ಪ ಚೀಲವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು. “ಅವತ್ತು ಸುಮ್ಕಿದ್ದೆ. ಇದ್ನ ಇಸ್ಕಂಡ್ರೆ ಸುಮ್ಕಿದ್ದುದ್ದಕ್ಕೆ ಕೂಲಿ ಇಸ್ಕಂಡಂಗಾಗ್ತದೆ.”

ಮನೆಗೆ ಬಂದು ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಪ್ಪನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಭತ್ತವನ್ನು ಮೂಲೆಯ ಮಣ್ಣಿನ ವಾಡೆಗೆ ತುಂಬಿಸಿದಳು.

ನಮ್ಮ ಬೋರ್ಡು ಇಳಿದ ಮೇಲೆ ಹಿತ್ತಲಲ್ಲಿ ಮಲಗಿತ್ತು. ಸಂಕ್ರಾಂತಿ ಆದ ಮೇಲೆ ಒಂದು ದಿನ ಅಪ್ಪ ಅದನ್ನು ಎತ್ತಿ ಕೊಟ್ಟಿಗೆಯ ಪಡುವಣದ ಗೋಡೆಗೆ ಒರಗಿಸಿ ನಿಲ್ಲಿಸಿದರು. ಅಕ್ಷರಗಳನ್ನು ಗೋಡೆಗೆ ಮುಖ ಮಾಡಿ, ಹಲಗೆಯನ್ನು ಬಿಸಿಲಿಗೆ ಮಾಡಿ. ಕಂಬವಿಲ್ಲದೆ ಅದು ಅಲುಗಾಡಬಾರದೆಂದು ಕೆಳಗೆ ಎರಡು ಗೂಟ ಹೊಡೆದರು. ಅವ್ವನನ್ನು ಕರೆದು, “ತಟ್ಟು” ಅಂದರು.

ಅವ್ವ ಬಹಳ ದಿನ ಅದರ ಹತ್ತಿರ ಹೋಗಲಿಲ್ಲ. ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವಳು ಕೊಟ್ಟಿಗೆಯ ಪಕ್ಕದಲ್ಲಿದ್ದಳು. ಬೆಳ್ಳಗಿನ ಹಲಗೆಯ ಮೇಲೆ ಒಂದು ಸಾಲು ಹಸಿ ಬೆರಣಿ, ಪ್ರತಿಯೊಂದರ ಮೇಲೂ ಐದು ಬೆರಳು ಅಚ್ಚೊತ್ತಿದ್ದವು. ನನ್ನನ್ನು ನೋಡಿ ಕೈ ಝಾಡಿಸಿಕೊಂಡು, “ಇನ್ಮ್ಯಾಕೆ ಯಾವ್ ಸಾಹೇಬ ಬೇಕಾದ್ರೂ ಬರ್ಲಿ, ತೋರುಸ್ತೀನಿ. ಸತ್ರೂ ತೊಳಿಯಾಕಿಲ್ಲ” ಅಂದಳು.

ತೊಳೆಯಲೂ ಇಲ್ಲ. ರಸ್ತೆ ಅಗಲವಾಯಿತು, ಕಂಡಕ್ಟರುಗಳು ಊರಿನ ಹೆಸರು ಕಲಿತುಕೊಂಡರು, ಹಲಗೆಯ ಮೇಲೆ ಮತ್ತೆ ಗುರುತಿನ ಮೇಲೆ ಗುರುತು ಕೂತವು. ನೋಡುವುದಕ್ಕೆ ಯಾರೂ ಬರಲಿಲ್ಲ.